ಕಾರ್ಪೆಟ್ ಕಡಿದ ಇಲಿ

ಪಿಂಗಾಣಿ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ಭಟ್ಟಿಯಿಂದ ಇಳಿದ ಕಪ್ಪುಗಳನ್ನು ಒಂದೊಂದಾಗಿ ಎತ್ತಿ, ಮರದ ಕಡ್ಡಿಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕು ಕೂಡ ಅವನ ಕಿವಿಗೆ ಸಿಕ್ಕಿಬೀಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈದಾಟಿ ಹೋದ ಒಡಕು ಕಪ್ಪು ಒಂದೂ ಇಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದ.

ಅಂಥವನಿಗೆ ಎರಡು ವರ್ಷದಿಂದ ಹಳೇ ಕಾರಿನ ಹುಚ್ಚು ತಲೆಗೇರಿತ್ತು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ಕಾರಿನ ಪಟ. ನಿಂತಲ್ಲಿ ನಿಲ್ಲ, ಕೂತಲ್ಲಿ ಕೂರ. ಆದರೆ ಕೂಡಿಟ್ಟ ದುಡ್ಡು ಗಂಡ ಹೆಂಡತಿ ಇಬ್ಬರದೂ ಆದ್ದರಿಂದ ಹೆಂಡತಿ 'ಹೂಂ' ಎನ್ನದೆ ಹೆಜ್ಜೆ ಮುಂದಿಡುವಂತಿರಲಿಲ್ಲ. ಅವಳೋ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಚೀಟಿಯನ್ನು ಎರಡು ಸಲ ಓದದೆ ಮಾತ್ರೆ ಕೊಡದವಳು. ಅವನ ಕಾಟ ತಾಳಲಾರದೆ ಕೊನೆಗೊಂದು ದಿನ ಒಂದು ಮಾತು ಹೇಳಿದಳು.

"ಒಂದೇ ಒಂದು ಕಾರು, ಒಂದೇ ಒಂದು ಸಲ ಬಂದು ನೋಡ್ತೀನಿ. ಬೇಡ ಅಂದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ."

"ಕೇಳಲ್ಲ" ಎಂದ ಕಿವಿಯಣ್ಣ.

ಹಾಗೆ ಮಾತು ಕೊಟ್ಟವನು ನಾಲ್ಕು ತಿಂಗಳು ಅಳೆದೂ ಸುರಿದೂ ಒಂದು ಕಾರನ್ನು ಆರಿಸಿದ. ನಲವತ್ತೆರಡು ವರ್ಷ ಹಳೆಯದು, ಕೆನೆಬಣ್ಣ, ನಾಲ್ಕು ಬಾಗಿಲು, ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಕೊಂಡ ದಿನದಿಂದಲೂ ಒಬ್ಬರ ಕೈಯಲ್ಲೇ ಇದ್ದದ್ದು. ಅವರು ನಿವೃತ್ತ ಹಲ್ಲಿನ ಡಾಕ್ಟರು, ಎರಡು ಗಂಟೆ ದಾರಿಯ ಆಚೆಯ ಪಟ್ಟಣದಲ್ಲಿದ್ದರು. ಹನ್ನೆರಡಕ್ಕೆ ಬನ್ನಿ ಎಂದಿದ್ದರು. ಕಿವಿಯಣ್ಣ ಎಂಟಕ್ಕೇ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದ.

ಅವರಿಗೊಂದು ದಿನಬಳಕೆಯ ಚಿಕ್ಕ ಕಾರಿತ್ತು. ಹೆಂಡತಿ ಅದರಲ್ಲಿ ಕೂರುವ ಮೊದಲು ತನ್ನ ಕಾಲಡಿಯ ದಪ್ಪ ರಬ್ಬರ್ ಚಾಪೆಯನ್ನು ಸರಿಮಾಡಿಕೊಂಡಳು. ಹೋದ ವರ್ಷ ಅವಳೇ ಕೊಂಡುತಂದ ಚಾಪೆ ಅದು. ತನ್ನ ಸೀಟಿಗೆ ಮಾತ್ರ ತಂದಿದ್ದಳು. ಮಹಾರಾಣಿ ಪಾದಕ್ಕೆ ಧೂಳು ತಾಗಬಾರದೇನೋ ಎಂದು ಅವನು ಆಗ ಗೇಲಿ ಮಾಡಿದ್ದ.

ಕಿವಿಯಣ್ಣನ ಡ್ರೈವಿಂಗು ಅವನ ಹಾಗೇ. ಮುಂದೆ ಲಾರಿ ಇದ್ದರೆ ಹಿಂದೆ ಹಾಕಬೇಕು, ಹಿಂದೆ ಹಾಕಿದ ಮೇಲೆ ಅದರ ಮುಂದಿನ ಬಸ್ಸನ್ನೂ ಹಿಂದೆ ಹಾಕಬೇಕು. ಎರಡು ಗಂಟೆ ದಾರಿಯನ್ನು ಒಂದೂವರೆಯಲ್ಲಿ ಮುಗಿಸಿ, ಡಾಕ್ಟರ ಬೀದಿಯ ತುದಿಯಲ್ಲಿ ಎರಡೂ ಚಿಲ್ಲರೆ ಗಂಟೆ ಬಿಸಿಲಲ್ಲಿ ಕಾದದ್ದು ಬೇರೆ ಮಾತು.

ಡಾಕ್ಟರು ಶೆಡ್ಡಿನ ಬಾಗಿಲು ತೆರೆದಾಗ ಕಿವಿಯಣ್ಣ ನಮಸ್ಕಾರ ಹೇಳುವುದನ್ನೂ ಮರೆತು ಒಳಗೆ ನುಗ್ಗಿದ. ಕಾರು ನಿನ್ನೆ ಶೋರೂಮಿನಿಂದ ಬಂದ ಹಾಗಿತ್ತು. ಮುಂಭಾಗದ ಜಾಲರಿಯನ್ನು ಡಾಕ್ಟರು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರಂತೆ.

"ರೋಗಿಗಳಿಗೂ ಇಷ್ಟು ಚೆನ್ನಾಗಿ ಉಜ್ಜಿಲ್ಲ" ಎಂದು ಅವರೇ ನಕ್ಕರು. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ಇನ್ನೂ ತೆಗೆದಿರಲಿಲ್ಲ. "ಅಲ್ಲಿ ಯಾರೂ ಕೂತೇ ಇಲ್ಲ. ಮಕ್ಕಳಿಲ್ಲ ನಮಗೆ. ಇದ್ದಿದ್ದು ನಾವಿಬ್ಬರೇ."

ಕಿವಿಯಣ್ಣ ಬೆರಳ ಗೆಣ್ಣಿನಿಂದ ತಗಡನ್ನು ತಟ್ಟುತ್ತಾ ಕಾರಿನ ಸುತ್ತ ಒಂದು ಸುತ್ತು ಬಂದ. ಎಲ್ಲೆಲ್ಲೂ ಟಣ್ ಎಂದಿತು. ತುಕ್ಕು ಹಿಡಿದು ಮೆತ್ತಿ ಮುಚ್ಚಿದ ಜಾಗವಿದ್ದರೆ ಡಬ್ ಎನ್ನಬೇಕಿತ್ತು, ಅನ್ನಲಿಲ್ಲ. ಆದರೂ ಚೌಕಾಸಿಗೆ ಒಂದಾದರೂ ಕೊರತೆ ಬೇಕಲ್ಲ. ಟಾರ್ಚು ಹಿಡಿದು ಒಳಗೆ ಬಗ್ಗಿದ. ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಕಡೆ, ಅಂಗೈಯಷ್ಟು ಜಾಗದಲ್ಲಿ ಕಾರ್ಪೆಟ್ ಸವೆದು ಕೆಳಗಿನ ತಗಡು ಕಾಣುತ್ತಿತ್ತು.

"ಇದೇನು ಡಾಕ್ಟ್ರೇ?"

ಡಾಕ್ಟರು ಬಗ್ಗಿ ನೋಡಿ ಮುಜುಗರಪಟ್ಟರು. "ಇಲಿ ಕಡಿದಿರ್ಬೇಕು. ಅದೇ ಬಟ್ಟೆ ನನ್ಹತ್ರ ಇದೆ, ಹಾಕಿಸಿಕೊಡ್ತೀನಿ."

ಅವರ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನೀರಿನ ಲೋಟಗಳನ್ನು ಹಿಡಿದು ನಿಂತಿದ್ದರು. ಇಲಿಯ ಮಾತು ಕೇಳಿ ಗಂಡನನ್ನೊಮ್ಮೆ ನೋಡಿದರು.

ಒಂದು ಸುತ್ತು ಓಡಿಸಿ ನೋಡೋಣ ಎಂದಾಯಿತು. ಕಿವಿಯಣ್ಣ ಸ್ಟೇರಿಂಗ್ ಹಿಡಿದ, ಡಾಕ್ಟರು ಪಕ್ಕದಲ್ಲಿ ಕೂತರು, ಹೆಂಗಸರಿಬ್ಬರೂ ಹಿಂದಿನ ಪ್ಲಾಸ್ಟಿಕ್ಕಿನ ಮೇಲೆ. ಎಂಜಿನ್ನು ಜೇನುಹುಳದಂತೆ ಗುಂಯ್ ಎನ್ನುತ್ತಿತ್ತು. ದೊಡ್ಡ ರಸ್ತೆಗೆ ಬಂದ ಕೂಡಲೇ ಕಿವಿಯಣ್ಣನ ಕಾಲು ತಡೆಯಲಿಲ್ಲ. ಒಂದು ವ್ಯಾನನ್ನು ಹಿಂದೆ ಹಾಕಿದ, ಎದುರಿಗೆ ಬಂದ ಬಸ್ಸಿಗೆ ಕೂದಲೆಳೆ ಅಂತರ ಬಿಟ್ಟು ಒಳಗೆ ಸರಿದ. ಡಾಕ್ಟರ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಸರಿಯಾಗಿ ಆ ಸವೆದ ಜಾಗದಲ್ಲೇ.

ಹಿಂದಿನಿಂದ ಡಾಕ್ಟರ ಹೆಂಡತಿ, ಸೀಟಿನ ನಡುವೆ ಬಗ್ಗಿ ಅದನ್ನು ನೋಡಿ, "ಈಗ ಗೊತ್ತಾಯ್ತಾ, ಇಲಿ ಯಾವ್ದು ಅಂತ?" ಎಂದರು.

ಡಾಕ್ಟರು ಪೆಚ್ಚಾಗಿ ಕಾಲು ಎಳೆದುಕೊಂಡರು.

"ನಲವತ್ತೆರಡು ವರ್ಷ ಅಲ್ಲಿ ಕೂತು ಬ್ರೇಕ್ ಹಾಕಿದೀನಮ್ಮ" ಎಂದು ಆಕೆ ಕಿವಿಯಣ್ಣನ ಹೆಂಡತಿಗೆ ಹೇಳಿದರು. "ಒಂದ್ ಸಲಾನೂ ಹಿಡೀಲಿಲ್ಲ."

ಕಿವಿಯಣ್ಣನಿಗೆ ನಗು ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಅವಳು ನಗುತ್ತಿರಲಿಲ್ಲ. ಡಾಕ್ಟರ ಹೆಂಡತಿಯ ಕೈಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಹೊರಡುವಾಗ ಡಾಕ್ಟರು ಒಂದು ಮಾತು ಸೇರಿಸಿದರು. ಐದು ಗಂಟೆಗೆ ಇನ್ನೊಬ್ಬರು ನೋಡಲು ಬರುತ್ತಾರೆ, ಅಷ್ಟರೊಳಗೆ ಫೋನು ಮಾಡಿದರೆ ಕಾರು ನಿಮ್ಮದೇ.

ವಾಪಸು ದಾರಿಯಲ್ಲಿ ಕಿವಿಯಣ್ಣ ಮುಳ್ಳಿನ ಮೇಲೆ ಕೂತಂತಿದ್ದ. ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೇಳದೆ ಇರಲಾಗುವುದಿಲ್ಲ. "ಬಣ್ಣ ಚೆನ್ನಾಗಿದೆ ಅಲ್ವಾ?" ಎಂದ. "ಹೂಂ, ಬಣ್ಣ ಚೆನ್ನಾಗಿದೆ" ಎಂದಳು. ಬಣ್ಣಕ್ಕೆ ಹೂಂ ಸಿಕ್ಕಿತು, ಕಾರಿಗೆ ಸಿಗಲಿಲ್ಲ. ಚಡಪಡಿಕೆಗೆ ಒಂದು ಲಾರಿ ಸಿಕ್ಕಿತು. ತಿರುವಿನಲ್ಲೇ ಅದನ್ನು ಹಿಂದೆ ಹಾಕಿದ.

ತಪ್.

ಹೆಂಡತಿಯ ಚಪ್ಪಲಿ ನೆಲ ಒತ್ತಿದ ಸದ್ದು. ಸಣ್ಣದು. ಅವನಿಗದು ಹೊಸ ಸದ್ದಲ್ಲ. ಈ ಕಾರು ಕೊಂಡಾಗಿನಿಂದ, ಹದಿನಾರು ವರ್ಷ, ಕೇಳುತ್ತಲೇ ಬಂದಿದ್ದ, ಗಡಿಯಾರದ ಟಿಕ್ ಟಿಕ್ ಕೇಳಿಯೂ ಕೇಳದ ಹಾಗೆ. ಇವತ್ತು ಕೇಳಿಸಿತು. ಮುಂದೆ ಒಂದು ಬಸ್ಸು, ತಪ್. ಒಂದು ಹಸು ಅಡ್ಡ ಬಂತು, ತಪ್.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಹೆಂಡತಿ ಮುಖ ತೊಳೆಯಲು ಹೋದಳು. ಅವಳು ಮರೆಯಾದದ್ದೇ ತಡ, ಕಿವಿಯಣ್ಣ ಅವಳ ಕಡೆಯ ಬಾಗಿಲು ತೆಗೆದು, ಕಳ್ಳನ ಹಾಗೆ ಅತ್ತಿತ್ತ ನೋಡಿ, ರಬ್ಬರ್ ಚಾಪೆ ಎತ್ತಿದ. ಕೆಳಗೆ ಕಾರ್ಪೆಟ್ ಇರಲಿಲ್ಲ. ಅಂಗೈಯಷ್ಟು ಜಾಗದಲ್ಲಿ ಬರೀ ತಗಡು, ಒರೆಸಿ ಇಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಅವನು ಬೈದಾನೆಂದು ಚಾಪೆ ತಂದು ಮುಚ್ಚಿದ್ದಳು. ಅದಕ್ಕೆ ಅವನು ಮಹಾರಾಣಿ ಎಂದಿದ್ದ. ಚಾಪೆಯನ್ನು ಇದ್ದ ಹಾಗೇ ಇಟ್ಟು, ಗಾಳಿ ಚೆಕ್ ಮಾಡಿಸುವವನಂತೆ ಟೈರು ನೋಡುತ್ತಾ ನಿಂತ.

ಅಲ್ಲಿಂದ ಮುಂದೆ ಅವನು ಕಾರು ಓಡಿಸಿದ ಚೆಂದ ನೋಡಬೇಕಿತ್ತು. ಸೈಕಲ್ಲಿನವರು ಹಿಂದೆ ಹಾಕಿಕೊಂಡು ಹೋಗುವಷ್ಟು ನಿಧಾನ. ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು. ಅವನು ಕಿವಿಗೊಟ್ಟದ್ದು ಒಂದೇ ಕಡೆಗೆ. ಊರು ಹತ್ತಿರ ಬಂತು, ರಸ್ತೆ ಖಾಲಿಯಾಯಿತು. ಮುಂದೆ ಒಂದು ನರಪಿಳ್ಳೆಯೂ ಇಲ್ಲ.

ತಪ್.

ಕಿವಿಯಣ್ಣ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. "ಈಗ್ಯಾಕೆ?" ಎಂದ. "ಈಗ ಯಾರೂ ಇರ್ಲಿಲ್ಲ. ನಿಧಾನಕ್ಕೇ ಬರ್ತಿದ್ದೆ."

ಅವಳಿಗೆ ಏನು ಕೇಳುತ್ತಿದ್ದಾನೆಂದು ಅರ್ಥವಾಯಿತು. ಕಾಲನ್ನು ಹಿಂದಕ್ಕೆ ಸರಿಸಿಕೊಂಡಳು. "ಗೊತ್ತು ಕಣ್ರೀ. ನನಗೆ ಗೊತ್ತು, ಕಾಲಿಗೆ ಹೇಗೆ ಗೊತ್ತಾಗ್ಬೇಕು?"

ಗಂಟೆ ಐದಕ್ಕೆ ಹತ್ತು ನಿಮಿಷ ಇತ್ತು. ಅವಳು ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನನ್ನು ತೆಗೆದು ಅವನ ಕೈಗೆ ಕೊಟ್ಟಳು.

"ಕಾರು ನಿಜವಾಗ್ಲೂ ಚೆನ್ನಾಗಿದೆ. ತಗೊಳ್ಳಿ. ಎರಡು ವರ್ಷದಿಂದ ಒದ್ದಾಡ್ತಿದೀರಿ." ಸ್ವಲ್ಪ ತಡೆದು ಹೇಳಿದಳು: "ಆದ್ರೆ ಅದ್ರಲ್ಲಿ ನಾನು ಹಿಂದೆ ಕೂರ್ತೀನಿ."

"ಹಿಂದೆ ಯಾಕೆ?"

"ಅಲ್ಲಿಂದ ರಸ್ತೆ ಕಾಣಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ಅವನೂ ಒಂದು ಮಾತು ಆಡಿಬಿಡುತ್ತಿದ್ದ. ಮಾತ್ರೆ ಊಟದ ಮೊದಲೋ ನಂತರವೋ ಎಂದು ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದ್ದಳು. ಎರಡು ವರ್ಷ ಕಾದ ಹೂಂ ಕೈಗೆ ಸಿಕ್ಕಿತ್ತು, ಅವನಿಗೆ ಅದನ್ನು ಹಿಡಿದುಕೊಳ್ಳಲಾಗಲಿಲ್ಲ. ನಂಬರು ಒತ್ತಿದ. ಫೋನು ಎತ್ತಿದ್ದು ಡಾಕ್ಟರ ಹೆಂಡತಿ.

"ಅವರು ಕಾರು ಒರೆಸ್ತಿದಾರೆ. ಏನಂದ್ರು ನಿಮ್ಮ ಮನೆಯವ್ರು?"

"ಬೇಡ ಅಂದ್ಲು."

"ಯಾಕಂತೆ?"

"ಯಾಕೆ ಅಂತ ಕೇಳೋ ಹಾಗಿಲ್ಲ."

"ಸರಿ, ಹೇಳ್ತೀನಿ" ಎಂದು ಆಕೆ ಫೋನು ಇಟ್ಟರು.

ಹೆಂಡತಿ ಅವನ ಕಡೆ ತಿರುಗಿ ಕೂತಳು. "ನಾನು ತಗೊಳ್ಳಿ ಅಂದ್ನಲ್ರೀ."

"ಅಂದಿದ್ದು ಕೇಳಿಸ್ತು" ಎಂದ ಕಿವಿಯಣ್ಣ. "ಮಿಕ್ಕಿದ್ದೂ ಕೇಳಿಸ್ತು."

ಆ ಕೆನೆಬಣ್ಣ ನೆನೆದು ಅವನ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಸುಳ್ಳಾದೀತು. ಕೀಲಿ ತಿರುಗಿಸಿ, ಕನ್ನಡಿ ನೋಡಿ, ಮೆಲ್ಲಗೆ ರಸ್ತೆಗಿಳಿದ. ಮನೆ ಮುಟ್ಟುವಷ್ಟರಲ್ಲಿ ಆ ಸದ್ದು ಇನ್ನೂ ಏಳು ಸಲ ಬಂತು. ಅವನು ಎಣಿಸಿದ.