ಅಲ್ಲಿ ಕಾಯುತ್ತಿರುವವನು

ಪಾಸ್ಟರು ಒಳ್ಳೆಯವರೇ. ಬೇಕಾದವರು, ಬೇಡದವರು ಎಂದು ನೋಡದೆ ಎಲ್ಲರ ಹಾಸಿಗೆಯ ಪಕ್ಕದಲ್ಲೂ ಕೂತು ಪ್ರಾರ್ಥನೆ ಮಾಡುವವರು. ಆದರೆ ಕೆಲವು ಸಲ ಒಳ್ಳೆಯವರ ಬಾಯಿಂದಲೇ ಎಂಥ ಮಾತು ಬೀಳುತ್ತದೆ ನೋಡಿ. ಇನ್ನೇನು ಇವತ್ತೋ ನಾಳೆಯೋ ಎಂದು ಮಲಗಿದ್ದ ಮುದುಕಿಯ ಕೈ ಹಿಡಿದು ಅವರು ಹೇಳಿದರು: "ಹೆದರಬೇಡಿ ಅಮ್ಮ. ನಿಮ್ಮ ಯಜಮಾನರು ಅಲ್ಲಿ ನಿಮಗೋಸ್ಕರ ಕಾಯ್ತಾ ಇದ್ದಾರೆ."

ಹಾಲು ಆರಿಸುತ್ತಿದ್ದ ಮಗಳು ಲೋಟ ಕೆಳಗಿಟ್ಟು ಅಮ್ಮನ ಕಡೆ ನೋಡಿದಳು. ಅಮ್ಮ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು.

ಕಾಯುವುದಕ್ಕೆ ಆ ಮನೆಯಲ್ಲಿ ಬೇರೆಯೇ ಅರ್ಥವಿತ್ತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು. ಕೆಲಸ ಮುಗಿಯುವುದು ಸ್ವಲ್ಪ ತಡವಾದರೂ ಅಪ್ಪ ದೀಪ ಆರಿಸಿ, ಬಾಗಿಲ ಹಿಂದೆ ನಿಂತು ಕಾಯುತ್ತಿದ್ದ. ಬೀದಿಯವರು ಅವನನ್ನು ಗುಡುಗು ಎಂದು ಕರೆಯುತ್ತಿದ್ದರು. ಅದು ತಪ್ಪು ಹೆಸರು. ಗುಡುಗು ಸದ್ದನ್ನಾದರೂ ಮಾಡುತ್ತದೆ, ಇವನು ಅದನ್ನೂ ಮಾಡುತ್ತಿರಲಿಲ್ಲ. ಅಪ್ಪ ಕಾಯ್ತಿದ್ದಾನೆ ಎಂದು ಮಗಳು ಕಿಟಕಿಯಿಂದ ಸನ್ನೆ ಮಾಡಿದರೆ, ಅಮ್ಮ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ಒಳಗೆ ಬರುತ್ತಿದ್ದಳು.

ಅಂಥವನು ತಾನು ಸಾಯುವ ಕೊನೆಯ ವಾರ ಗಳಗಳನೆ ಅತ್ತು, ಪಾಸ್ಟರ ಎದುರು ಪಶ್ಚಾತ್ತಾಪಪಟ್ಟು, ನೆಟ್ಟಗೆ ಸ್ವರ್ಗಕ್ಕೆ ಹೋಗಿಬಿಟ್ಟ. ದೇವರಲ್ಲಿ ಕ್ಷಮೆ ಕೇಳಿದ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅಮ್ಮನಲ್ಲಿ ಕೇಳಲಿಲ್ಲ. ಕಡೇ ಗಳಿಗೆಯಲ್ಲಿ ರಕ್ಷಣೆ ಪಡೆದ ಆತ್ಮ ಎಂದು ಪಾಸ್ಟರು ಆ ಕಥೆಯನ್ನು ಭಾನುವಾರದ ಪ್ರಸಂಗದಲ್ಲಿ ಹೇಳಿ ಹೇಳಿ ಸವೆಸಿದ್ದರು.

ಅವತ್ತು ಪಾಸ್ಟರು ಎದ್ದು ಹೋದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು: "ನರಕಕ್ಕೆ ಹೋಗ್ಬೇಕಾದ್ರೆ ಏನು ಮಾಡ್ಬೇಕೇ?"

ಜ್ವರ ನೆತ್ತಿಗೇರಿದೆ ಎಂದುಕೊಂಡಳು ಮಗಳು. ಜ್ವರವಲ್ಲ.

"ಅವನಿಲ್ಲದ ಕಡೆ ಹೋಗ್ತೀನಿ. ಬೆಂಕಿ ಆದ್ರೂ ಪರವಾಗಿಲ್ಲ. ಇಸ್ತ್ರಿ ಮುಂದೆ ನಿಂತವಳಿಗೆ ಅದೇನು ಹೊಸದಾ?"

ಮಗಳು ಹೊಲಿಗೆ ಅಂಗಡಿಗೆ ರಜೆ ಹೇಳಿ ಪಾಸ್ಟರ ಮನೆಗೆ ಓಡಿದಳು. ಅವರು ತಲೆ ತುರಿಸಿಕೊಂಡರು. ಅಲ್ಲಿ ಅವನು ಹೊಸ ಮನುಷ್ಯ, ಕೈ ಎತ್ತುವುದಿಲ್ಲ ಎಂದರು. ಅವನು ಹೊಸಬನೆಂದು ಅಮ್ಮನಿಗೆ ಗೊತ್ತಾಗುವ ಮೊದಲು ಅವನ ಮುಖ ಕಾಣುತ್ತದಲ್ಲ, ಆಗೇನು ಮಾಡುವುದು ಎಂದು ಇವಳು ಕೇಳಿದಳು. ಅವರು ಬೇರೆ ದಾರಿ ಹಿಡಿದರು. ಸತ್ತವರೆಲ್ಲ ಕಡೇ ದಿನ ದೇವರು ಎಬ್ಬಿಸುವವರೆಗೆ ಏನೂ ಅರಿಯದೆ ನಿದ್ರಿಸುತ್ತಾರೆ ಎನ್ನುವ ವಿಶ್ವಾಸಿಗಳೂ ಇದ್ದಾರೆ, ಆದರೆ ನಮ್ಮ ಚರ್ಚಿನ ಸಭೆ ಅದನ್ನು ಒಪ್ಪುವುದಿಲ್ಲ ಎಂದು ಗೊಣಗಿದರು.

ದಾರಿಯುದ್ದಕ್ಕೂ ಅವಳು ಒಂದು ಸುಳ್ಳನ್ನು ಹೊಲಿಯುತ್ತಾ ಬಂದಳು. ಅದು ನಿಜವಾಗಲಿ ಎಂಬ ಆಸೆಯೂ ಒಳಗೊಳಗೆ ಇತ್ತು, ಮುಚ್ಚಿಡುವುದೇಕೆ?

"ಪಾಸ್ಟರಿಗೆ ಸರಿಯಾಗಿ ಗೊತ್ತಿಲ್ಲ ಅಮ್ಮ. ಅಪ್ಪ ಸ್ವರ್ಗದಲ್ಲಿಲ್ಲ. ನರಕದಲ್ಲಿದ್ದಾನೆ."

ಅಮ್ಮ ಉಸ್ಸಪ್ಪಾ ಎಂದು ಹಗುರಾಗುತ್ತಾಳೆ ಎಂದುಕೊಂಡಿದ್ದಳು. ಅಮ್ಮನ ಬಾಯಿ ಒಣಗಿತು.

"ಬೆಂಕೀಲಾ? ಯಾವಾಗ್ಲೂ?" ಕಣ್ಣಲ್ಲಿ ನೀರು ತುಂಬಿಕೊಂಡಿತು. "ಅಷ್ಟೇನೂ ಹೊಡೀಲಿಲ್ವಲ್ಲೇ ನನ್ನ."

ಮಗಳಿಗೆ ಮೈಯೆಲ್ಲ ಉರಿಯಿತು. ಸತ್ತು ಮಣ್ಣಾದವನು ಇನ್ನೂ ಅಳಿಸುತ್ತಿದ್ದಾನಲ್ಲ ಎಂದು ಹಲ್ಲು ಕಚ್ಚಿದಳು. ಆದರೆ ಅಮ್ಮನ ಎದೆ ಏರಿಳಿಯುವುದನ್ನು ನೋಡಿ, ಸಭೆ ಒಪ್ಪದ ಮಾತನ್ನೇ ಎತ್ತಿಕೊಂಡಳು. ಇಲ್ಲಮ್ಮ, ಬೆಂಕಿಯೂ ಇಲ್ಲ, ಯಾರೂ ಕಾಯುತ್ತಲೂ ಇಲ್ಲ, ಎಲ್ಲರೂ ಮಲಗಿದ್ದಾರೆ, ಅಪ್ಪನೂ ಮಲಗಿದ್ದಾನೆ, ನೀನೂ ಮಲಗುತ್ತೀಯ, ಅಷ್ಟೇ ಎಂದಳು.

ಅಮ್ಮ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು.

"ಎದ್ದ ಮೇಲೆ?"

ಮಗಳು ಹಾಸಿಗೆಯ ಅಂಚಿಗೆ ಕೂತಳು. "ಅಷ್ಟೊತ್ತಿಗೆ ನಾನೂ ಬಂದಿರ್ತೀನಿ ಅಮ್ಮ. ನಿಮ್ಮಿಬ್ಬರ ಮಧ್ಯೆ ನಿಂತ್ಕೋತೀನಿ."

"ಬೇಡ ಕಣೇ, ನಿಂಗೂ ಬೀಳುತ್ತೆ," ಎಂದಳು ಅಮ್ಮ, ಅವಳ ಕೆನ್ನೆ ಸವರುತ್ತಾ. "ನೀನು ನಿಧಾನಕ್ಕೆ ಏಳು. ನಾನು ಮೊದಲು ಹೋಗಿ, ಅವನ ಸಿಟ್ಟು ಇಳಿಸಿರ್ತೀನಿ."