ಬೆಳ್ಳಿ ಬಟ್ಟಲಿನ ಅಂಚು

"ಏಮೇ, ಅಂಚು ಮುಟ್ಬ್ಯಾಡಾಂತ ಎಷ್ಟು ಕಿತ ಬೊಗಳ್ಬೇಕು ನಿಂಗೆ? ಬಟ್ಲ ಕಾಲು ಉಜ್ಜು, ಒಟ್ಟೆ ಉಜ್ಜು. ಬಾಯಿಡೋ ತಾವು ಕೈ ಇಕ್ಕಿದ್ರೆ ಬೆರಳು ಮುರಿದಾಕ್ಬುಡ್ತೀನಿ, ಮುಂಡೆ."

ಕೋದಂಡಪ್ಪ ಚರ್ಚಿನ ಪಕ್ಕದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಗಣಿಯ ಟೈಂ ಆಫೀಸಿನಲ್ಲಿ ಹಾಜರಿ ಬರೆಯುವ ರೈಟರು, ಭಾನುವಾರ ಚರ್ಚಿನ ಸಭೆಯ ಹಿರಿಯ. ಅವನ ತಾತ ರೆಡ್ಡಿಯಾಗಿದ್ದುಕೊಂಡೇ ಕ್ರೈಸ್ತನಾಗಿದ್ದ. ಮೊಮ್ಮಗನೂ ಹಾಗೇ ಉಳಿದುಕೊಂಡಿದ್ದ.

ಓಬಳಮ್ಮ ಬೆಳ್ಳಿ ಬಟ್ಟಲನ್ನು ತಲೆಕೆಳಗು ಹಿಡಿದು ನಯವಾದ ಬೂದಿಯಲ್ಲಿ ಉಜ್ಜುತ್ತಿದ್ದಳು. ಪಕ್ಕದಲ್ಲಿ ಹುಣಸೆಹಣ್ಣು ಹಚ್ಚಿಟ್ಟ ಹಿತ್ತಾಳೆ ಗಿಂಡಿ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ರೊಟ್ಟಿ ಮತ್ತು ದ್ರಾಕ್ಷಾರಸ. ಅದರ ಹಿಂದಿನ ದಿನ ಈ ಕೆಲಸ.

"ಅಂಚು ಯಾರು ತೊಳೀಬೇಕು ಸ್ವಾಮಿ?" ಗೊತ್ತಿದ್ದೂ ಕೇಳಿದಳು.

"ಕದಿರಮ್ಮ ಬತ್ತಾಳೆ."

ಆ ಹೆಸರು ಕೇಳಿದಾಗಲೆಲ್ಲ ಓಬಳಮ್ಮನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಇಬ್ಬರೂ ಕಾಮಸಮುದ್ರದ ಕಡೆಯ ಒಂದೇ ಕೇರಿಯವರು. ಊರಿನಲ್ಲಿ ಬಾಯಾರಿದರೆ ರೆಡ್ಡಿಯ ಮನೆ ಜಗಲಿಯ ಕೆಳಗೆ ಬಗ್ಗಿ ನಿಂತು ಬೊಗಸೆ ಒಡ್ಡಬೇಕಾಗಿತ್ತು. ರೆಡ್ಡಿಯ ಹೆಂಡತಿ ಮೇಲಿನಿಂದ ನೀರು ಎತ್ತಿ ಹೊಯ್ಯುತ್ತಿದ್ದಳು. ಆ ಬೊಗಸೆಯನ್ನು ಬಿಟ್ಟೇ ಗಂಡಂದಿರ ಹಿಂದೆ ಚಿನ್ನದ ಗಣಿಗೆ ಬಂದರು. ಬೇತಮಂಗಲದ ಕೆರೆಯಲ್ಲಿ ಒಂದೇ ದಿನ ದೀಕ್ಷಾಸ್ನಾನವಾಯಿತು. ಮೊದಲು ನೀರಿಗೆ ಇಳಿದವಳು ಓಬಳಮ್ಮ. ಅವಳು ಮುಳುಗಿ ಎದ್ದ ನೀರಿನಲ್ಲಿ ಕದಿರಮ್ಮ ಮುಳುಗಿದ್ದು. ಇಬ್ಬರ ಗಂಡಂದಿರೂ ಒಂದೇ ಶಾಫ್ಟಿಗೆ ಇಳಿದು ಒಂದೇ ಬಂಡೆ ಕೊರೆದರು. ಆಮೇಲೆ ಕದಿರಮ್ಮನ ಗಂಡ ಆದಿನಾರಾಯಣ ಮೇಸ್ತ್ರಿಯಾದ, ಬೂಟು ಹಾಕಿದ. ಅದರ ಮುಂದಿನ ತಿಂಗಳೇ ಗಂಡ ಹೆಂಡತಿ ನಾಲ್ಕನೆಯ ಬೆಂಚಿಗೆ ಹೋಗಿ ಕೂತರು.

ಮುಂದಿನ ನಾಲ್ಕು ಬೆಂಚಿಗೆ ಬೆಳ್ಳಿ ಬಟ್ಟಲು. ಚರ್ಚಿನ ಪಾದ್ರಿ ಅಯ್ಯನವರು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಬಿಳಿ ಬಟ್ಟೆಯಲ್ಲಿ ಅಂಚು ಒರೆಸಿ ಕೊಡುತ್ತಿದ್ದರು. ಹಿಂದಿನವರು ಕರ್ತನ ಮೇಜಿನ ಮುಂದಿನ ಕಟಕಟೆಯ ಹೊರಗೆ ಮೊಣಕಾಲೂರಿ ಬೊಗಸೆ ಹಿಡಿಯಬೇಕು. ಕೋದಂಡಪ್ಪ ಗಿಂಡಿ ಬಗ್ಗಿಸಿ ಒಂದು ಗೇಣು ಮೇಲಿನಿಂದ ದ್ರಾಕ್ಷಾರಸ ಹೊಯ್ಯುತ್ತಿದ್ದ. ಕೇಳಿದರೆ, ಕೆಮ್ಮು ಅಂಟುತ್ತದೆ ಎಂಬ ಕಾರಣ. ಗಣಿ ಕೂಲಿಗಳ ಲೈನ್ ಮನೆಗಳಿಂದ ಬಂದವರಲ್ಲಿ ಕೆಮ್ಮದ ಗಂಡಸೇ ಇರಲಿಲ್ಲ, ಅದು ನಿಜ. ಕೋದಂಡಪ್ಪನಿಗೂ ಉಬ್ಬಸ. ಆದರೆ ಉಬ್ಬಸ ಕೆಮ್ಮಲ್ಲ.

ಓಬಳಮ್ಮನಿಗೆ ಅದು ಬರಿಯ ಒಣದ್ರಾಕ್ಷಿ ನೆನೆಸಿ ಕುದಿಸಿದ ನೀರಲ್ಲ. ತುಟಿಗೆ ತಾಗಿದ ಮೇಲೆ ಅದು ಯೇಸುವಿನ ರಕ್ತ. ಬೊಗಸೆಯಲ್ಲಿ ಒಂದು ಹನಿ ಉಳಿದರೂ ಅಂಗೈ ನೆಕ್ಕುವವಳು. ಅಯ್ಯನವರು ಹೇಳಿದ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಆ ಕಡೆಯ ರಾತ್ರಿ ಯೇಸು ಎಲ್ಲರಿಗೂ ಒಂದೇ ಬಟ್ಟಲು ಕೊಟ್ಟನಂತೆ. ತನ್ನನ್ನು ಹಿಡಿದುಕೊಡುವವನಿಗೂ ಅದೇ ಬಟ್ಟಲಂತೆ.

ಹೊತ್ತು ನೆತ್ತಿಗೆ ಬಂದರೂ ಕದಿರಮ್ಮ ಬರಲಿಲ್ಲ.

"ಓಗಿ ಕರ್ಕೊಂಬಾ ಅವ್ಳನ್ನ," ಎಂದ ಕೋದಂಡಪ್ಪ. "ಬಟ್ಲು ಇಲ್ಲೇ ಇಡು. ಎತ್ಕೊಂಡು ಓಗ್ಬುಟ್ಟೀಯ."

ಮೇಸ್ತ್ರಿ ಮನೆಯ ಮುಂಬಾಗಿಲು ಹಾಕಿತ್ತು. ಓಬಳಮ್ಮ ಹಿತ್ತಲಿಗೆ ಬಂದಳು. ಒಗೆಯುವ ಕಲ್ಲಿನ ಮುಂದೆ ಕದಿರಮ್ಮ ಕುಕ್ಕುರುಗಾಲಲ್ಲಿ ಕೂತು ಟವಲು ಹಿಂಡುತ್ತಿದ್ದಳು. ನೀರು ಕೆಂಪಗೆ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಒಳಗೆ ಯಾರೋ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುವ ಸದ್ದು. ಆ ಸದ್ದು ಓಬಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಮನೆಯಲ್ಲೂ ಅದೇ ಇತ್ತು, ದಿಂಬು ಮಾತ್ರ ಇರಲಿಲ್ಲ.

"ಎಷ್ಟು ದಿನದಿಂದ?"

ಕದಿರಮ್ಮ ಬೆಚ್ಚಿ ತಿರುಗಿದಳು. ಟವಲು ಮರೆಮಾಡಲು ಹೋಗಿ ಕೈಯೆಲ್ಲ ಕೆಂಪು ಮಾಡಿಕೊಂಡಳು.

"ನಾಕ್ ತಿಂಗ್ಳಾಯ್ತು ಅಕ್ಕಾ."

"ನಾಕ್ ತಿಂಗ್ಳಿಂದ ಇದೇ ಬಾಯ್ನ ಬೆಳ್ಳಿ ಬಟ್ಲಿಗೆ ಇಕ್ತಾವ್ನಾ ನಿನ್ ಗಂಡ?"

"ಮೆಲ್ಗೆ ಮಾತಾಡಕ್ಕಾ! ನಿನ್ ಕಾಲಿಗ್ ಬೀಳ್ತೀನಿ, ಬಾಯಿ ಬುಡ್ಬ್ಯಾಡ. ಗೊತ್ತಾದ್ರೆ ಇಂದಕ್ಕೆ ತಳ್ಬುಡ್ತಾರೆ. ಮತ್ತೆ ಆ ನಾತದಾಗೆ, ನಿನ್ ಗಂಡನ ಪಕ್ದಾಗೆ..."

ಕದಿರಮ್ಮ ನಾಲಿಗೆ ಕಚ್ಚಿಕೊಂಡಳು. ಆಗಲೇ ತಡವಾಗಿತ್ತು.

ಓಬಳಮ್ಮ ಅವಳ ಕೈಯ ಚಿನ್ನದ ಬಳೆ ನೋಡಿದಳು, ತಂತಿಯ ಮೇಲೆ ಒಣಗಿದ್ದ ಚರ್ಚಿನ ಬಿಳಿ ಬಟ್ಟೆ ನೋಡಿದಳು.

"ಬಾ," ಎಂದಳು. "ಅಂಚು ತೊಳೀವಂತೆ."

ದಾರಿಯುದ್ದಕ್ಕೂ ಅವಳಿಗೆ ಖುಷಿಯಾಗುತ್ತಿತ್ತು. ಆ ಖುಷಿಗೆ ನಾಚಿಕೆಯೂ ಆಯಿತು. ಆದರೆ ಖುಷಿ ಕಡಿಮೆಯಾಗಲಿಲ್ಲ.

ಮನೆಯಲ್ಲಿ ಓಬಳಮ್ಮನ ಗಂಡ ಆಂಜಿನಪ್ಪ ಗೋಡೆಗೆ ಒರಗಿಯೇ ಕೂತಿದ್ದ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಓಬಳಮ್ಮ ರಾಗಿ ಅಂಬಲಿ ಬಾಯಿಗೆ ಹಿಡಿದಳು. ಎರಡು ಗುಟುಕು ಕುಡಿದು ತಲೆಯಾಡಿಸಿದ.

"ನಮ್ ಯೇಸಪ್ಪಂಗೂ ಪಕ್ಕೇಲಿ ತೂತು, ನಂಗೂ ಪಕ್ಕೇಲಿ ತೂತು ಕಣಮ್ಮಿ," ಎಂದ. "ಅವ್ನಾದ್ರೆ ಮೂರ್ ದಿನಕ್ಕೆ ಎದ್ಬುಟ್ಟ. ನಂಗೆ ಎದ್ದು ಉಚ್ಚೆಗೆ ಓಗಾಕೂ ಆಗ್ತಾ ಇಲ್ಲ."

ಓಬಳಮ್ಮ ನಕ್ಕಳು. ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತಾಗ ಅವಳ ಸೆರಗಿನ ತುದಿ ಕೆಂಪಾಗಿತ್ತು.

"ಅದಿನೆಂಟು ವರ್ಸ ಬಂಡೆ ದೂಳು ಕುಡ್ದೆ ಕಣೇ ಓಬ್ಳೀ," ಎಂದ ಬಹಳ ಹೊತ್ತಿನ ಮೇಲೆ. "ಆ ಬಟ್ಲಾಗೆ ಒಂದೇ ಒಂದ್ ಗುಟುಕು. ಅಂಗೇ ಸಾಯ್ಲಾ? ಅಲ್ಲಿಗ್ ಓದ್ಮೇಲೆ ಅವ್ನು ಕೇಳ್ತಾನೆ, ಯಾಕ್ಲಾ ಆಂಜಿನಿ, ನಾನು ಕೊಟ್ಟಿದ್ದು ಕುಡಿನಿಲ್ವಾ ಅಂತ. ಏನ್ ಯೋಳ್ಲಿ? ಗಿಂಡೀಲಿ ಕೊಟ್ರು ಅನ್ಲಾ?"

ಭಾನುವಾರ ಬೆಳಿಗ್ಗೆ ಓಬಳಮ್ಮ ಅವನನ್ನು ಬೆನ್ನಿಗೆ ಹಾಕಿಕೊಂಡು ನಡೆದಳು. ತೂಕವೇ ಇರಲಿಲ್ಲ. ಗಣಿಯ ಮಣ್ಣಿನ ಬುಟ್ಟಿಗಳು ಇದಕ್ಕಿಂತ ಭಾರವಿರುತ್ತಿದ್ದವು.

ಅವರು ಹೋದಾಗ ರೊಟ್ಟಿ ಮುರಿದಾಗಿತ್ತು. ಕಟಕಟೆಯ ಬಳಿ ಮುಂದಿನ ಬೆಂಚಿನವರು ಸಾಲಾಗಿ ಮೊಣಕಾಲೂರಿದ್ದರು. ಆದಿನಾರಾಯಣ ಕರ್ಚೀಫು ಬಾಯಿಗೆ ಒತ್ತಿಕೊಂಡಿದ್ದ. ಬಟ್ಟಲು ಬಂದಾಗ ಕರ್ಚೀಫು ತೆಗೆದು ಕುಡಿದ. ಅಯ್ಯನವರು ಅಂಚು ಒರೆಸಿದರು. ಕದಿರಮ್ಮ ಕುಡಿದಳು. ಆಮೇಲೆ ಕೋದಂಡಪ್ಪನ ಹೆಂಡತಿ, ಆಮೇಲೆ ಕೋದಂಡಪ್ಪ.

ಕದಿರಮ್ಮನ ಕೊರಳಿನಲ್ಲಿ ಆ ಗುಟುಕು ಇಳಿಯುವುದನ್ನು ಓಬಳಮ್ಮ ಕಣ್ಣಾರೆ ಕಂಡಳು. ಅವಳ ಕಾಲು ನಡುದಾರಿಯಲ್ಲಿ ನಿಲ್ಲಲಿಲ್ಲ. ಹಿಂದಿನ ಬೆಂಚು ದಾಟಿ, ನಾಲ್ಕನೆಯ ಬೆಂಚು ದಾಟಿ, ಗಂಡನನ್ನು ಕಟಕಟೆಗೆ ಒರಗಿಸಿದಳು.

"ಲೇ, ಲೇ! ಯಾವ್ ತಾವ್ಲೇ ಇದು ನಿಂದು?" ಕೋದಂಡಪ್ಪ ಎದ್ದು ಬಂದ. "ಈ ಎಣಾನ ಇಂದಕ್ಕೆ ಎಳ್ಕೊಂಡೋಗು. ಕೆಮ್ಮಿನೋರ್ಗೆ ಬಟ್ಲಿಲ್ಲ, ಗೊತ್ತಿಲ್ವಾ?"

"ಕೆಮ್ಮಿನೋರ್ಗೆ ಬಟ್ಲಿಲ್ವಾ?" ಓಬಳಮ್ಮನ ದನಿ ಮೊದಲು ಸಣ್ಣದಾಗಿಯೇ ಇತ್ತು.

ಕದಿರಮ್ಮ ತಲೆಯೆತ್ತಿದಳು. ಬೇಡ ಎಂದು ಕಣ್ಣಿನಲ್ಲೇ ಕೈ ಮುಗಿದಳು. ಅವಳ ಮೇಲ್ದುಟಿಯ ಮೇಲೆ ದ್ರಾಕ್ಷಾರಸ ಇನ್ನೂ ಹೊಳೆಯುತ್ತಿತ್ತು. ಅದು ಹೊಳೆಯದಿದ್ದರೆ ಓಬಳಮ್ಮ ಸುಮ್ಮನಿರುತ್ತಿದ್ದಳೋ ಏನೋ.

"ಮೇಸ್ತ್ರಿ ನಾಕ್ ತಿಂಗ್ಳಿಂದ ರಕ್ತ ಕಕ್ತಾವ್ನೆ. ನಾನು ಕಣ್ಣಾರೆ ಕಂಡೆ, ಟವಲು ತುಂಬ. ಅವ್ನು ಕುಡಿದ ತಾವೇ ನೀವೆಲ್ಲಾ ಕುಡಿದ್ರಿ. ರೈಟ್ರೇ, ನಿಮ್ ಎಂಡ್ರು ಈಗ ತಾನೇ ಕುಡಿದ್ರು. ಏನಾಯ್ತು? ಸತ್ರಾ? ಜಾತಿ ಕೆಟ್ಟೋಯ್ತಾ? ಅವ್ನಿಗೆ ಆಗೋದು ನನ್ ಗಂಡನಿಗೆ ಯಾಕಿಲ್ಲ, ಬೂಟಿಲ್ಲಾಂತಲಾ?"

ಆದಿನಾರಾಯಣ ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಕರ್ಚೀಫು ಎಲ್ಲರಿಗೂ ಕಂಡಿತು.

ಕೋದಂಡಪ್ಪನ ಹೆಂಡತಿ ಮೊದಲು ಉಗುಳಿದಳು, ಕರ್ತನ ಮೇಜಿನ ಮುಂದೆಯೇ. ಆಮೇಲೆ ಬೆಂಚಿಗೆ ಬೆಂಚೇ ಎದ್ದಿತು. "ಚೀ ಚೀ", "ಬೋಸುಡಿ ಮಕ್ಳು" ಎನ್ನುತ್ತ ಬಾಗಿಲಿಗೆ ನುಗ್ಗಿದರು. ಹೊರಗೆ ನಲ್ಲಿಯ ಹತ್ತಿರ ಕೋದಂಡಪ್ಪ ಗಂಟಲಿಗೆ ಎರಡು ಬೆರಳು ಹಾಕಿಕೊಂಡು ಕರ್ತನ ರಕ್ತವನ್ನು ಮೋರಿಗೆ ಕಕ್ಕುತ್ತಿದ್ದ.

ಅಯ್ಯನವರ ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಕೊಡಲೂ ಇಲ್ಲ, ಹಿಂದೆಗೆಯಲೂ ಇಲ್ಲ. ಓಬಳಮ್ಮ ಅದನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡಳು. ತಳದಲ್ಲಿ ಒಂದೇ ಗುಟುಕು ಉಳಿದಿತ್ತು. ಅಂಚನ್ನು ಒರೆಸದೆ ಆಂಜಿನಪ್ಪನ ತುಟಿಗೆ ಇಟ್ಟಳು. ಅವನು ಕಣ್ಣು ಮುಚ್ಚಿ ಕುಡಿದ. ಕುಡಿದ ಮೇಲೆ ಕೆಮ್ಮಿದ. ಬಟ್ಟಲ ಅಂಚಿನಿಂದ ಕೆಂಪು ಎಳೆಯೊಂದು ಇಳಿಯಿತು. ರಸ ಯಾವುದು, ಅವನದು ಯಾವುದು, ಹೇಳುವಂತಿರಲಿಲ್ಲ.

ಓಬಳಮ್ಮ ಬಟ್ಟಲೊಳಗೆ ನೋಡಿದಳು. ಅವಳಿಗೆ ಉಳಿದಿರಲಿಲ್ಲ.

ಹನ್ನೊಂದು ದಿನಕ್ಕೆ ಆಂಜಿನಪ್ಪ ಸತ್ತ. ಆದಿನಾರಾಯಣನ ಮೇಸ್ತ್ರಿಕೆ ಹೋಯಿತು. ಕದಿರಮ್ಮ ಸಾಮಾನು ಹೊತ್ತುಕೊಂಡು ಮತ್ತೆ ಲೈನ್ ಮನೆಗೆ ಬಂದಳು, ಓಬಳಮ್ಮನ ಮನೆಯಿಂದ ಮೂರನೆಯದಕ್ಕೆ. ಬೀದಿಯ ನಲ್ಲಿ ಹತ್ತಿರ ಕಂಡರೂ ಇಬ್ಬರೂ ಮಾತಾಡಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳ್ಳಿ ಬಟ್ಟಲು ಬೀರುವಿಗೆ ಸೇರಿತ್ತು. ಮುಂದಿನ ಬೆಂಚುಗಳಿಗೆ ಬೆರಳುದ್ದದ ಗಾಜಿನ ಲೋಟಗಳು ಬಂದಿದ್ದವು, ತಲೆಗೊಂದು. ಯಾರ ತುಟಿಯೂ ಯಾರ ತುಟಿಗೂ ತಾಗುವಂತಿರಲಿಲ್ಲ. ಹಿಂದಿನವರಿಗೆ ಅದೇ ಗಿಂಡಿ. ಅದನ್ನು ಈ ಸಲ ಬೇರೆ ಯಾರೋ ಉಜ್ಜಿದ್ದರು. ಮೂತಿಯ ಹತ್ತಿರ ಕಿಲುಬು ಹಾಗೇ ಇತ್ತು.

ಕದಿರಮ್ಮ ಹಿಂದಿನ ಸಾಲಿನಲ್ಲಿ ಓಬಳಮ್ಮನ ಪಕ್ಕ ಒಂದು ಮೊಳ ಬಿಟ್ಟು ಮೊಣಕಾಲೂರಿದಳು. ಕೈಯಲ್ಲಿ ಆ ಚಿನ್ನದ ಬಳೆ ಇರಲಿಲ್ಲ.

"ಇಡ್ಕೊಟ್ಬುಟ್ಟೆ ನನ್ನ," ಎಂದಳು ಮುಖ ತಿರುಗಿಸದೆ.

"ಊಂ."

"ಒಟ್ಟೆ ತಣ್ಣಗಾಯ್ತಾ?"

"ಇಲ್ಲ." ಓಬಳಮ್ಮ ಸುಳ್ಳು ಹೇಳಲಿಲ್ಲ. "ನೀನು ಅನ್ನೊಂದು ಕಿತ ಕುಡಿದಿದ್ದೀಯ ಅದ್ರಾಗೆ. ನನ್ ಗಂಡ ಒಂದು ಕಿತ. ನಾನು ಒಂದ್ ಕಿತಾನೂ ಇಲ್ಲ."

"ಎಣಿಸ್ತಾ ಇದ್ಯಾ?"

"ಎಣಿಸ್ತಿದ್ದೆ."

ಕದಿರಮ್ಮ ಈಗ ಮುಖ ತಿರುಗಿಸಿದಳು. "ಅಂಗಾರೆ ಕೇಳು. ಅನ್ನೊಂದು ಕಿತಾನೂ ಗಂಟಲಾಗೆ ಇಳೀನಿಲ್ಲ ನಂಗೆ. ಎಲ್ಲಿ ಕಂಡುಬುಡ್ತಾರೋ ಅಂತ ಪುಕು ಪುಕು."

ಕೋದಂಡಪ್ಪ ಗಿಂಡಿ ಹಿಡಿದು ಬಂದ. ಈಗ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ. ಒಂದು ಗೇಣು ಎರಡು ಗೇಣಾಗಿತ್ತು.

"ಇಡೀರಿ. ಒಡ್ಡಿ ಇಡೀರಿ," ಎಂದ ಕದಿರಮ್ಮನ ಮುಂದೆ ನಿಂತು. "ಬೊಗಸೆ ಮರ್ತೋಯ್ತಾ ಮೇಸ್ತ್ರಿ ಎಂಡ್ರಿಗೆ?"

ಕದಿರಮ್ಮ ಬೊಗಸೆ ಒಡ್ಡಿದಳು. ಗಿಂಡಿ ಬಗ್ಗಿತು. ರಸ ಬಿದ್ದು ಬೊಗಸೆ ತುಂಬಿತು. ಅವಳು ಅದನ್ನು ತುಟಿಗೆ ಎತ್ತಲಿಲ್ಲ. ಕೋದಂಡಪ್ಪನ ಮುಖವನ್ನೇ ನೋಡುತ್ತ ಎರಡು ಕೈಯನ್ನೂ ಮೆಲ್ಲಗೆ ಅಗಲಿಸಿದಳು. ಕೆಂಪು ನೀರು ಅವನ ಬಿಳಿ ಪಂಚೆಗೆ ಸಿಡಿದು ಕಲ್ಲುಹಾಸಿನ ಮೇಲೆ ಹರಿಯಿತು.

"ಅಯ್ಯೋ ಪಾಪಿಷ್ಠೀ!" ಕೋದಂಡಪ್ಪ ಹಿಂದೆ ಹಾರಿದ. "ರಕ್ತ ಕಣೇ ಅದು! ಕರ್ತನ ರಕ್ತ!"

"ಮೋರಿಗೆ ಕಕ್ಕಿದಾಗ ಏನಾಗಿತ್ತು ರೈಟ್ರೇ?" ಎಂದಳು ಕದಿರಮ್ಮ.

ಓಬಳಮ್ಮನ ಹೊಟ್ಟೆಯೊಳಗೆ ಮತ್ತೆ ಆ ಮೆಣಸಿನಕಾಯಿ ಅರೆಯತೊಡಗಿತು. ಇದನ್ನೂ ಕದಿರಮ್ಮನೇ ಮೊದಲು ಮಾಡಿದಳಲ್ಲ ಎನ್ನಿಸಿತು. ಒಂದು ಮೊಳ ಸರಿದು, ಕದಿರಮ್ಮನ ಭುಜಕ್ಕೆ ಭುಜ ತಾಗಿಸಿ ಕೂತಳು.

"ನಂಗೂ ಉಯ್ಯಿ," ಎಂದು ಕೈ ಚಾಚಿದಳು. ಬೆರಳುಗಳ ನಡುವೆ ಸಂದು ಆಗಲೇ ಬಿಟ್ಟಿತ್ತು.

ಅವಳಾಚೆ ಇನ್ನೂ ಹದಿನಾಲ್ಕು ಜೊತೆ ಕೈ ಇದ್ದವು. ಕೋದಂಡಪ್ಪ ಗಿಂಡಿ ಎತ್ತಿಕೊಂಡು ನಿಂತೇ ಇದ್ದ, ಬಗ್ಗಿಸಲಿಲ್ಲ.