ಮೊಣಕಾಲು ಹಿಡಿದು ಕೂರುವ ಪಾಠ

"ಥೂ, ನಿನ್ನ ಲೀಗಿಗೆ ಬೆಂಕಿ ಹಾಕ! ಮಗು ಕೈಲಿ ಒಂದು ತಿಂಗಳು ಕುಂಟಿಸಿದ್ಯಲ್ಲೋ ಅಣ್ಣ!"

ಮೈದಾನದ ಹಿಂದಿನ ಸಾಮಾನಿನ ಕೋಣೆಯಲ್ಲಿ ನಾನು ಚೆಂಡಿಗೆ ಗಾಳಿ ಹೊಡೆಯುತ್ತಿದ್ದೆ. ಬಾಗಿಲಲ್ಲಿ ನನ್ನ ತಂಗಿ ನಿಂತಿದ್ದಳು. ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದಳು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಮೆಲ್ಲಗೆ ಮಾತಾಡೇ. ಹೊರಗೆ ಮಕ್ಕಳಿದ್ದಾರೆ."

"ಇರಲಿ! ಅವರ ಕೋಚ್ ಎಂಥಾ ದೊಡ್ಡ ಮನುಷ್ಯ ಅಂತ ಅವಕ್ಕೂ ಗೊತ್ತಾಗ್ಲಿ. ಮೂರು ಸಲ ಆಸ್ಪತ್ರೆ ಸಾಲಲ್ಲಿ ನಿಂತೆ ಕಣೋ. ಎಕ್ಸ್‌ರೇ ತೆಗೆಸ್ದೆ. ಮೂಳೆ ನೆಟ್ಟಗಿದೆ, ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ ಇರಬೇಕು ಅಂದ್ರು. ಮನೆಗೆ ಕರ್ಕೊಂಡು ಬಂದು ಹೊಡ್ದೆ. ಆಗ್ಲೂ ಬಾಯಿ ಬಿಡ್ಲಿಲ್ಲ ಅವಳು. ಇವತ್ತು ಇನ್ನೊಬ್ಬ ಡಾಕ್ಟ್ರು ಮೊಣಕಾಲಿಗೆ ಸೂಜಿ ಹಾಕಿ ನೋಡೋಣ ಅಂದಾಗ, 'ಮಾವ ಹೇಳ್ಕೊಟ್ಟಿದ್ದಮ್ಮ' ಅಂತ ಅತ್ಲು."

ಮೆಲ್ಲಗೆ ಮಾತಾಡು ಎಂದಿದ್ದ ನಾನೇ ಕೂಗಿದೆ. "ತಂಡಕ್ಕೋಸ್ಕರ ಮಾಡ್ದೆ! ಮಜಾ ಮಾಡೋಕಲ್ಲ!"

ನಾನು ವೆಲ್ಡಿಂಗ್ ಮಾಡುವವನು. ಸಂಜೆ ಹೊತ್ತು ಮತ್ತು ಭಾನುವಾರ ಹನ್ನೊಂದು ವರ್ಷದೊಳಗಿನವರ ಫುಟ್‌ಬಾಲ್ ತಂಡಕ್ಕೆ ಕೋಚ್. ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳು, ಮೈದಾನದಲ್ಲಿ ಏಳು. ಎಲ್ಲರೂ ಕಲಿಯಲಿ ಎಂದು ಲೀಗಿನವರು ಒಂದು ನಿಯಮ ಮಾಡಿದ್ದರು: ಪ್ರತಿ ಮಗುವೂ ಅರ್ಧ ಆಟವನ್ನಾದರೂ ಆಡಬೇಕು. ಗಾಯವಾದರೆ ಮಾತ್ರ ವಿನಾಯಿತಿ. ಇದರಿಂದ ನಮ್ಮ ಬುಲೆಟ್‌ನನ್ನು, ಅಂದರೆ ಗೋಲು ಹೊಡೆಯುವ ಹುಡುಗನನ್ನು, ಅರ್ಧ ಆಟ ಹೊರಗೆ ಕೂರಿಸಬೇಕಾಗುತ್ತಿತ್ತು. ಅವನ ಜಾಗದಲ್ಲಿ ತಂಗಿಯ ಮಗಳು ಕಡ್ಡಿ. ಕಾಲೂ ಕಡ್ಡಿ, ಕೈಯೂ ಕಡ್ಡಿ. ಚೆಂಡು ಬಂದರೆ ಹಿರಿಯರು ಬಂದರೇನೋ ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು.

ಮನೆಯ ಮಗು ಎಂದು ಅವಳನ್ನೇ ಆರಿಸಿಕೊಂಡೆ. ಐದು ನಿಮಿಷ ಆಡಿ ಮೊಣಕಾಲು ಹಿಡಿದು ಕೂತುಬಿಡು ಎಂದೆ. ರೆಫರಿ ಅವರ ಬೀದಿಯವನೇ. ಹಾಗಾಗಿ ಬೀದಿಯಲ್ಲೂ ಕುಂಟು, ಮನೆಯಲ್ಲೂ ಕುಂಟು, ಅಮ್ಮನಿಗೆ ಹೇಳಬೇಡ ಎಂದೆ. ಅವಳ ಮುಖ ಅರಳಿತು. ತಂಡದಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಅದು. ನಾಲ್ಕು ಪಂದ್ಯ ಹೀಗೇ ಗೆದ್ದೆವು.

"ಭಾನುವಾರ ಅವಳು ಅರ್ಧ ಆಟ ಪೂರ್ತಿ ಆಡ್ಬೇಕು. ಇಲ್ದಿದ್ರೆ ಅವಳು ನಿನ್ನ ಮೈದಾನಕ್ಕೆ ಕಾಲಿಡಲ್ಲ, ನಾನೂ ನಿನ್ನ ಮನೆಗೆ ಕಾಲಿಡಲ್ಲ" ಎಂದಳು ತಂಗಿ.

ಹೂಂ ಎಂದೆ. ಎನ್ನುವಾಗಲೇ, ಗಾಳಿ ನಮ್ಮ ಬೆನ್ನಿಗಿರುವ ಅರ್ಧದಲ್ಲಿ ಇವಳನ್ನು ಇಳಿಸಿದರೆ ನಷ್ಟ ಕಡಿಮೆ ಎಂದು ಯೋಚಿಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಗುರುವಾರ ಸಂಜೆ ಕಡ್ಡಿಯನ್ನು ಗೋಡೆಯ ಮುಂದೆ ನಿಲ್ಲಿಸಿದೆ.

"ಪಾದದ ಒಳಬದಿ ತೋರ್ಸು. ಹೆದರ್ಬೇಡ, ಚೆಂಡಿಗೆ ಹಲ್ಲಿಲ್ಲ. ತಗಲಿದ ಕೂಡ್ಲೇ ಕಾಲು ಚೂರು ಹಿಂದಕ್ಕೆ ತಗೋ."

ಮೊದಲು ಚೆಂಡು ಕಾಲಿಗೆ ಬಡಿದು ಎಲ್ಲೆಲ್ಲೋ ಹೋಯಿತು. ಅರ್ಧ ಗಂಟೆಯೊಳಗೆ ಹತ್ತರಲ್ಲಿ ಏಳು ಸಲ ಕಾಲಬುಡದಲ್ಲಿ ನಿಂತಿತು.

"ಇಷ್ಟೇನಾ ಮಾವ? ಮೊದ್ಲೇ ಯಾಕೆ ಹೇಳ್ಕೊಡ್ಲಿಲ್ಲ?"

ನಾನು ಚೆಂಡು ತರುವ ನೆವದಲ್ಲಿ ಆಚೆ ಹೋದೆ. ಆರು ತಿಂಗಳಲ್ಲಿ ನಾನು ಅವಳಿಗೆ ಮುತುವರ್ಜಿಯಿಂದ ಕಲಿಸಿದ್ದು ಕುಂಟುವುದೊಂದನ್ನೇ.

ಭಾನುವಾರದ ಪಂದ್ಯ ಗೆದ್ದರೆ ಕಪ್ ನಮ್ಮದು. ಕಡ್ಡಿ ಇಳಿದಳು. ಹತ್ತನೇ ನಿಮಿಷದಲ್ಲಿ ಒಂದು ಚೆಂಡು ನೇರ ಅವಳತ್ತಲೇ ಬಂತು. ಸರಿಯಲಿಲ್ಲ. ಒಳಪಾದದಿಂದ ನಿಲ್ಲಿಸಿ ಪಕ್ಕದವನಿಗೆ ದಾಟಿಸಿದಳು. ಗೆರೆಯಾಚೆ ನಿಂತಿದ್ದ ತಂಗಿ ಕೈಚಪ್ಪಾಳೆ ತಟ್ಟಿದಳು. ನಾನು ತಟ್ಟಲಿಲ್ಲ. ಬುಲೆಟ್ ಇಳಿಯಲು ಇನ್ನೆಷ್ಟು ನಿಮಿಷ ಎಂದು ಗಡಿಯಾರ ನೋಡುತ್ತಿದ್ದೆ.

ಅಷ್ಟರಲ್ಲಿ ಎದುರು ತಂಡದವರು ಗೋಲು ಹೊಡೆದರು. ತಪ್ಪು ಕಡ್ಡಿಯದಲ್ಲ. ಆದರೂ ಕೈಲಿದ್ದ ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಮೊಣಕಾಲು ಹಿಡಿದು ಕೂತುಬಿಟ್ಟಳು.

ಓಡಿದೆ. "ಏಳು ಕಡ್ಡಿ. ನಾನು ಹೇಳಿಲ್ವಲ್ಲ!"

"ಗೊತ್ತು" ಎಂದು ಪಿಸುಗುಟ್ಟಿದಳು. "ಗೋಲು ಹೋಯ್ತಲ್ಲ ಮಾವ. ಬುಲೆಟ್ ಬರ್ಲಿ."

ರೆಫರಿ ಬಂದ. "ಮತ್ತೆ ಅದೇ ಕಾಲಾ? ಆಡ್ತಾಳಾ, ಬದಲಾಯಿಸ್ತೀರಾ?"

ಆಡ್ತಾಳೆ ಎನ್ನಲು ಒಂದೇ ಉಸಿರು ಸಾಕಿತ್ತು. ಬೆಂಚಿನಲ್ಲಿ ಬುಲೆಟ್ ಆಗಲೇ ಎದ್ದು ನಿಂತಿದ್ದ.

"ಬದಲಾಯಿಸ್ತೀನಿ" ಎಂದೆ.

ತಂಗಿ ನನ್ನ ಬೆನ್ನ ಹಿಂದೆಯೇ ಇದ್ದಳು. ಕೇಳಿಸಿಕೊಂಡಳು. ಮಗಳ ಕೈ ಹಿಡಿದು ಎಬ್ಬಿಸಿಕೊಂಡು ನಡೆದಳು. ರೆಫರಿ ನೋಡುತ್ತಿದ್ದಾನೆಂದು ಕಡ್ಡಿ ಗೇಟಿನವರೆಗೂ ಕುಂಟಿದಳು, ಒಂದು ಹೆಜ್ಜೆಯೂ ತಪ್ಪದಂತೆ.

ಪಂದ್ಯ ಗೆದ್ದೆವು. ಗುರುವಾರ ಗೋಡೆಯ ಹತ್ತಿರ ಚೆಂಡು ಹಿಡಿದು ಕಾದೆ. ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ.